ಒಗಿಯೂದು ಅಂದ್ರ ಎರಡು ಅರ್ಥ



ನಮ್ಮ ಧಾರವಾಡ ಕಡೆ "ಒಗಿ" ಅನ್ನೂ ಮಾತಿಗೆ ಎರಡು ಅರ್ಥ ಅವ. ಅರಿವಿ ಒಗಿ ಅಂದ್ರ ತೊಳಿ ಅಂತ. ಕಸ ಒಗಿ ಅಂದ್ರ ಚೆಲ್ಲು ಅಂತ. ಬ್ಯಾರೆ ಸೀಮಿಯಿಂದ ಬಂದ ಸೊಸಿಗೆ "ಆ ಹಳೇ ಧೋತರ ಒಗದ ಬಿಡವಾ" ಅಂದ್ರ, ಬಕೀಟಿನ್ಯಾಗ ನೆನಸಬೇಕೋ ಕಸದ ಡಬ್ಬಿಗೆ ಹಾಕಬೇಕೋ ತಿಳೀದ ನಿಂತಬಿಡ್ತಾಳ.

ಮನಿ ಸಾಮಾನಿನ ಚರಿತ್ರಿ ಓದಕೋತ ಹೋದ್ರ, ಈ ನೂರು ನೂರಿಪ್ಪತ್ತು ವರ್ಷದಾಗ ಒಂದೊಂದು ಸಾಮಾನು ಮೊದಲನೇ ಅರ್ಥದಿಂದ ಎರಡನೇ ಅರ್ಥಕ್ಕ ಜಾರಿದ್ದು ಕಾಣಸ್ತದ. ನೀರು ಕುಡಿಯೂ ವಾಟಗ, ಉಣ್ಣೂ ತಾಟು, ಸಂತಿ ಚೀಲ, ಕೂಸಿನ ಅರಿವಿ, ನಮ್ಮ ತಿಂಗಳ ಅರಿವಿ. ಇವನ್ನೆಲ್ಲಾ ಮೊದಲ ತೊಳದು ಇಡತಿದ್ರು, ಈಗ ಬಳಸಿ ಚೆಲ್ಲತೇವಿ. ಟಿವಿಯೊಳಗ, ಪೇಪರಿನ್ಯಾಗ, ಮಕ್ಕಳ ಸಾಲ್ಯಾಗ ಎಲ್ಲಾ ಕಡೆ ಹೇಳ್ತಾರ, ಪ್ಲಾಸ್ಟಿಕ್ ಬಿಡ್ರಿ, ಹಳೇ ಪದ್ಧತಿಗೆ ಹೋಗ್ರಿ ಅಂತ. ಮಾತು ಖರೇನ. ಆದ್ರ ಆ ಹಳೇ ಪದ್ಧತಿಯೊಳಗ ಮುಸರಿ ತಿಕ್ಕತಿದ್ದವರು ಯಾರು, ಅರಿವಿ ಒಗೀತಿದ್ದವರು ಯಾರು ಅನ್ನೂದನ್ನ ಹೇಳೋವ್ರು ಕಡಿಮಿ. ಇವತ್ತ ನಾ ಆ ಕಥಿ ಬರೀಲಿಕ್ಕತ್ತೇನಿ.

ನಲವತ್ತು ತಾಸಿನ ಫೋಟೋ

1955ರ ಆಗಸ್ಟ್ 1ನೇ ತಾರೀಖಿನ ಅಮೆರಿಕಾದ "ಲೈಫ್" ಪತ್ರಿಕಾದಾಗ ಒಂದು ಫೋಟೋ ಬಂದಿತ್ತು. ಅಪ್ಪ, ಅವ್ವ, ಒಂದು ಸಣ್ಣ ಹುಡುಗಿ, ಮೂರೂ ಮಂದಿ ಎರಡೂ ಕೈ ಮ್ಯಾಲೆತ್ತಿ ನಗಕೋತ ನಿಂತಾರ. ಅವರ ಸುತ್ತ ಗಾಳ್ಯಾಗ ತಾಟು, ಕಪ್ಪು, ಚಮಚ, ಕೂಸಿನ ಲಂಗೋಟಿ ಹಾರಾಡ್ತಾವ. ಕಿಡಕಿ ಪರದೆ, ನಾಯಿಗೆ ಊಟ ಹಾಕೂ ಬಟ್ಟಲ ಸೈತ ಒಮ್ಮೆ ಬಳಸಿ ಒಗಿಯೂ ಜಾತೀವು. ಫೋಟೋದ ಕೆಳಗ ಬರದಿದ್ದರು, ಈ ಸಾಮಾನೆಲ್ಲಾ ತೊಳೀಲಿಕ್ಕೆ ಕೂತ್ರ 40 ತಾಸು ಬೇಕಾಗ್ತದ, ಇನ್ನ ಮ್ಯಾಲೆ ಮನಿ ಹೆಂಗಸಿಗೆ ಆ ಚಿಂತಿ ಬ್ಯಾಡ ಅಂತ.

ಪರಿಸರದ ಬಗ್ಗೆ ಬರಿಯೋವ್ರು ಈ ಫೋಟೋ ತೋರಿಸಿ, ನೋಡ್ರಿ ಮನಶಾ ಹೆಂಗ ಕೆಟ್ಟಾ ಅಂತಾರ. ನನಗ ಮಾತ್ರ ಆ 40 ತಾಸಿನ ಮ್ಯಾಲೇನ ಕಣ್ಣು ನಿಲ್ಲತದ. ಫೋಟೋದಾಗ ಮೂರು ಮಂದಿ ಇದ್ದಾರ. ತೊಳಿಯೂ 40 ತಾಸು ಮಾತ್ರ ಒಬ್ಬಾಕಿದ. ಮಾರೋವ್ರಿಗೆ ಇದು ಛಲೋ ಗೊತ್ತಿತ್ತು. ತೊಳಿಯೂ ಕೆಲಸ ಒಬ್ಬಾಕಿ ಕೈಗೇ ಬಿಟ್ಟ ಮನಿಯೊಳಗ, ಚೆಲ್ಲೂ ಸಾಮಾನಿಗೆ ಬಾಗಲಾ ತಗೀಬೇಕಂತ ಯಾರೂ ಹೇಳಬೇಕಾಗಿಲ್ಲ. ಆಕಿನ ತಗೀತಾಳ.

ವಾಟಗದ ಕಥಿ

ಹಂಗಂತ ಎಲ್ಲಾ ಚೆಲ್ಲೂ ಸಾಮಾನು ಆಳಸಿತನದಿಂದ ಹುಟ್ಟಿದವಲ್ಲ. ಪೇಪರ್ ಕಪ್ಪು ಹುಟ್ಟಿದ್ದು ರೋಗದ ಅಂಜಿಕಿಯಿಂದ.

ನೂರಾ ಹದಿನೈದು ವರ್ಷದ ಹಿಂದ ಅಮೆರಿಕಾದ ರೈಲಿನ್ಯಾಗ, ಸಾಲ್ಯಾಗ, ಸ್ಟೇಶನ್ನಿನ್ಯಾಗ ನೀರಿನ ಪೀಪಾಯಿಗೆ ಒಂದ ತಗಡಿನ ವಾಟಗ ಸರಪಳಿ ಹಾಕಿ ಕಟ್ಟಿರತಿತ್ತು. ಬಂದವರೆಲ್ಲಾ ಅದರಾಗನ ಕುಡೀಬೇಕು, ಕ್ಷಯದವರೂ ಅದರಾಗನ, ಕೂಸೂ ಅದರಾಗನ. ಆಲ್ವಿನ್ ಡೇವಿಸನ್ ಅನ್ನೂ ಜೀವಶಾಸ್ತ್ರದ ಪ್ರಾಧ್ಯಾಪಕರು 1908ರಾಗ ಸಾಲಿಯ ವಾಟಗ ಸೂಕ್ಷ್ಮದರ್ಶಕದ ಕೆಳಗ ಇಟ್ಟು ನೋಡಿ, ಅದರ ಮ್ಯಾಲೆ ಎಷ್ಟು ರೋಗಾಣು ಅವ ಅಂತ ಬರದ್ರು. 1909ರಾಗ ಕಾನ್ಸಾಸ್ ರಾಜ್ಯದವರು ಎಲ್ಲಾರಿಗೂ ಒಂದ ವಾಟಗ ಇಡೂ ಪದ್ಧತಿನ ಬಂದ್ ಮಾಡಿದ್ರು. ಡಾ. ಸ್ಯಾಮ್ಯುಯೆಲ್ ಕ್ರಂಬೈನ್ ಅನ್ನೂ ಅಲ್ಲಿಯ ಆರೋಗ್ಯ ಮಂಡಳಿಯ ಡಾಕ್ಟರು ಅದಕ್ಕ ಮುಂದ ನಿಂತಿದ್ದರು. ಅದ ಹೊತ್ತಿನಾಗ ಬೋಸ್ಟನ್ನಿನ ಲಾರೆನ್ಸ್ ಲ್ಯೂಎಲೆನ್ ಅನ್ನೂ ವಕೀಲರು ಮಾಡಿದ್ದು ಪೇಪರಿನ ವಾಟಗ. ಮೊದಲ ಅದಕ್ಕ ಆರೋಗ್ಯದ ಹೆಸರ ಇಟ್ಟಿದ್ರು, 1919ರಾಗ ಡಿಕ್ಸಿ ಕಪ್ ಅಂತ ಆತು. ಡಿಕ್ಸಿ ಅನ್ನೂದು ಅವರ ಬಾಜೂಕಿದ್ದ ಗೊಂಬಿ ಮಾಡೂ ಕಂಪನಿ ಹೆಸರು!

ಅಂದ್ರ ಪೇಪರ್ ಕಪ್ಪಿನಿಂದ ಕೂಸುಗಳ ಜೀವ ಉಳದದ್ದೂ ಅದ. ಅದನ್ನ ನಾವು ಮರೀಬಾರದು. ಆದ್ರ ಆಗಿನ ಕಪ್ಪಿಗೆ ಮೇಣ ಹಚ್ಚತಿದ್ರು, ಅದು ತಣ್ಣೀರಿಗೆ ಮಾಡಿದ್ದು. ಈಗ ಲಗ್ನದಾಗ, ಆಫೀಸಿನ್ಯಾಗ ಕುದಿಯೂ ಚಾ ಹಾಕಿ ಕೊಡೂ ಪೇಪರ್ ಕಪ್ಪಿನ ಒಳಗ ತೆಳ್ಳನ ಪ್ಲಾಸ್ಟಿಕ್ಕಿನ ಪದರ ಇರತದ. ಖರಗಪುರದ ಐಐಟಿಯವರು ಅದರಾಗ ಬಿಸಿನೀರು ಹಾಕಿ 15 ಮಿನಿಟ ಬಿಟ್ಟು ನೋಡಿದಾಗ, 100 ಮಿಲಿ ಲೀಟರ್ ನೀರಿನ್ಯಾಗ ಸುಮಾರು 25,000 ಪ್ಲಾಸ್ಟಿಕ್ಕಿನ ಕಣ ಸಿಕ್ಕವು. "ಪ್ಲಾಸ್ಟಿಕ್ ಅಲ್ಲರೀ, ಪೇಪರ್ ಅದ" ಅಂತ ನಾವು ಸಮಾಧಾನ ಮಾಡಕೊಳ್ಳೂ ಕಪ್ಪಿನ ಹಣೇಬಾರ ಇದು. ಆ ಪದರದಿಂದನ ಅದನ್ನ ರದ್ದಿ ಪೇಪರಿನ ಸಂಗತೀನೂ ಹಾಕಲಿಕ್ಕೆ ಬರೂದಿಲ್ಲ.

ಎಲಿ ಚೆಲ್ಲೂದು ನಮಗ ಹೊಸಾದಲ್ಲ

ಚೆಲ್ಲೂ ಸಂಸ್ಕೃತಿ ವಿಲಾಯತಿಯಿಂದ ಬಂತು, ನಾವು ಶುದ್ಧ ಇದ್ದಿವಿ ಅಂತ ಭಾಳ ಮಂದಿ ಅಂತಾರ. ಹಂಗೇನಿಲ್ಲ. ಉಂಡ ಮ್ಯಾಲೆ ತಾಟು ಚೆಲ್ಲೂದ್ರಾಗ ನಮ್ಮಷ್ಟು ಹಳಬರು ಯಾರದಾರ? ಬಾಳಿ ಎಲಿ, ಮುತ್ತಲ ಎಲಿ ಪತ್ರಾವಳಿ, ದೊನ್ನಿ ಇವೆಲ್ಲಾ ಒಮ್ಮೆ ಬಳಸಿ ಚೆಲ್ಲೂವ. ಎಂಜಲ ಅಂದ್ರ ನಮ್ಮ ಹಿರ್ಯಾರಿಗೆ ದೊಡ್ಡ ಅಂಜಿಕಿ. ಒಬ್ಬರು ಉಂಡ ಎಲಿ ಇನ್ನೊಬ್ಬರಿಗೆ ನಡೆಯೂದಿಲ್ಲ.

ಬಾಳಿ ಕಡಿಮಿ ಇರೂ ನಮ್ಮ ಬಯಲಸೀಮಿಗೆ ಮುತ್ತಲ ಗಿಡಾನ ಆಧಾರ. ಪಲಾಶ ಅಂದ್ರೂ ಅದ. ಬಂಗಾಲದಾಗ 1757ರ ಯುದ್ಧ ಆದ ಪ್ಲಾಸಿಗೆ, ಅಂದ್ರ ಪಲಾಶಿ ಊರಿಗೆ ಆ ಹೆಸರು ಬಂದದ್ದು ಈ ಗಿಡದಿಂದನ ಅಂತಾರ. ಶಿವರಾತ್ರಿ ಹೊತ್ತಿಗೆ ಎಲಿ ಉದರಿ ಗಿಡದ ತುಂಬ ಕೆಂಪು ಹೂವ ನಿಂತಿರತಾವ, ಆಮ್ಯಾಲೆ ಹೊಸ ಎಲಿ ಬರತಾವ. ಒಂದೊಂದು ತೊಟ್ಟಿಗೆ ಮೂರ ಮೂರ ಎಲಿ. ಬಲಿತ ಎಲಿ ತಂದು, ಒಣಗಿಸಿ, ಭಾರ ಹೇರಿ ಒತ್ತಿ ಇಟ್ಟರ ವರ್ಷಗಟ್ಟಲೆ ಇರತದ. ಬೇಕಾದಾಗ ನೀರು ಚಿಮುಕಿಸಿ ಮೆತ್ತಗ ಮಾಡಿ, ಸಣ್ಣ ಕಡ್ಡಿ ಚುಚ್ಚಿ ಹಚ್ಚೂದು.

ನಮ್ಮ ಅಜ್ಜಿ ಮಧ್ಯಾಹ್ನದ ಮುಸರಿ ಮುಗಿಸಿ ಪಡಸಾಲ್ಯಾಗ ಪತ್ರಾವಳಿ ಹಚ್ಚಲಿಕ್ಕೆ ಕೂಡತಿದ್ಲು. ಆಕಿಗೆ ಅದು ವಿಶ್ರಾಂತಿ ಹೊತ್ತು! ಕೈ ಒಂದ ಸವನ ನಡೀತಿತ್ತು, ಬಾಯಿ ಹಾಡು ಹೇಳತಿತ್ತು. ಮನಿಯೊಳಗ ಮುಂಜಿ ಅಂದ್ರ ತಿಂಗಳ ಮೊದಲ ಓಣಿಯ ಹೆಣ್ಮಕ್ಕಳೆಲ್ಲಾ ಸೇರಿ ನೂರು ನೂರು ಎಲಿ ಕಟ್ಟು ಕಟ್ಟಿ ಇಡತಿದ್ರು. ಪಂಗತಿ ಎದ್ದ ಮ್ಯಾಲೆ ಎಂಜಲ ಎಲಿ ಎತ್ತೂದು, ನೆಲಕ್ಕ ಗೋಮಾ ಹಚ್ಚೂದು, ಮುಂದಿನ ಪಂಗತಿಗೆ ಮತ್ತ ಎಲಿ ಹಾಕೂದು. ಇದೆಲ್ಲಾ ಮುಗದ ಮ್ಯಾಲೆ ಮೂರುವರಿ ನಾಕಕ್ಕ ಹೆಂಗಸರ ಊಟ.

ಎಲಿ ತಿಪ್ಪಿಗೆ ಹೋತು, ಗೊಬ್ಬರ ಆತು, ಹೊಲಕ್ಕ ಹೋತು. ನೆಲಕ್ಕ ಅದರಿಂದ ಯಾವ ತ್ರಾಸೂ ಇಲ್ಲ. ಆದ್ರ ತ್ರಾಸು ಮನಶ್ಯಾರಿಗಿತ್ತು. ಎಲಿ ಹಚ್ಚಿದ ಕೈ, ಎಲಿ ಎತ್ತಿದ ಕೈ ಹೆಂಗಸರದ. ಮನಿ ಹೊರಗಾದ್ರ ಆ ಎಂಜಲ ಎತ್ತೂ ಕೆಲಸ ಕೆಳಗಿನ ಜಾತಿ ಅಂತ ಅನಿಸಿಕೊಂಡವರ ಪಾಲಿಗೆ. ಎಷ್ಟೋ ಹಳ್ಳಿ ಚಾದಂಗಡಿಯೊಳಗ ದಲಿತರಿಗೆ ಬ್ಯಾರೆ ಲೋಟ ಇಡತಿದ್ರು, ಕುಡದ ಮ್ಯಾಲೆ ಅವರ ತೊಳದು ಇಡಬೇಕು. ಹಳೇದೆಲ್ಲಾ ಛಲೋ ಅಂತ ಅನ್ನೂಮುಂದ ಇದನ್ನೂ ಒಂದ ಮಾತು ನೆನಸಬೇಕಾಗ್ತದ. ಎಲಿ ಮಣ್ಣಿಗೆ ಹಗುರ ಇತ್ತು ಅನ್ನೂದು ಖರೆ. ಎಲ್ಲಾರ ಕೈಗೂ ಹಗುರ ಇದ್ದಿಲ್ಲ ಅನ್ನೂದೂ ಖರೆ.

ಮುಂದ ನಾ ಸಣ್ಣಾಕಿ ಇದ್ದಾಗ ನಮ್ಮ ಕಡೆ ಲಗ್ನದಾಗ ಥರ್ಮೋಕೋಲ್ ತಾಟು ಬಂದವು. ನಮ್ಮ ಅವ್ವ, ಅಬಚಿ ಎಲ್ಲಾರೂ ಭಾಳ ಖುಷಿ ಪಟ್ಟರು. ಯಾಕಂದ್ರ ಅವರು ಮೊದಲನೇ ಸಲ ಬಂದ ಬೀಗರ ಕೂಡ ಎರಡು ತಾಸು ಕೂತು ಮಾತಾಡಿದ್ದು ಆವಾಗ. ಆ ಖುಷಿಗೆ ಯಾರರ ಬೈದ್ರ ನನಗ ಸಮಾಧಾನ ಆಗೂದಿಲ್ಲ.

ಕಿಸೇದಾಗ ಮಡಚಿ ಇಟ್ಟ ಚೀಲ

ಪಾಲಿಥೀನ್ ಅನ್ನೂದು ಗೊತ್ತಾಗಿದ್ದ ಅಕಸ್ಮಾತ್. 1933ರಾಗ ಇಂಗ್ಲಂಡಿನ ಐಸಿಐ ಕಂಪನಿಯೊಳಗ ಫಾಸೆಟ್ ಮತ್ತ ಗಿಬ್ಸನ್ ಅನ್ನೋವ್ರು ಬ್ಯಾರೆ ಏನೋ ಪ್ರಯೋಗ ಮಾಡ್ತಿದ್ದಾಗ, ಪಾತ್ರಿ ತಳದಾಗ ಮೇಣದಂಥಾ ಬಿಳೀ ವಸ್ತು ಉಳೀತು. ಎರಡನೇ ಮಹಾಯುದ್ಧದಾಗ ಅದನ್ನ ರಡಾರಿನ ತಂತಿಗೆ ಸುತ್ತಲಿಕ್ಕೆ ಬಳಸಿದ್ರು. ಯುದ್ಧ ಮುಗದ ಮ್ಯಾಲೆ ಮನಿಯೊಳಗ ಬಂತು.

ಕೈಚೀಲ ಮಾಡಿದವರು ಸ್ವೀಡನ್ ದೇಶದ ಸ್ಟೆನ್ ಗುಸ್ತಾಫ್ ಟುಲಿನ್ ಅನ್ನೂ ಇಂಜಿನಿಯರು. ಅವರ ಕಂಪನಿಗೆ 1965ರಾಗ ಅಮೆರಿಕಾದ ಪೇಟೆಂಟ್ ಸಿಕ್ಕಿತು. ಅವರ ಮಗ ಮುಂದ ಹೇಳಿದ್ದೇನಂದ್ರ, ಕಾಗದದ ಚೀಲಕ್ಕ ಗಿಡ ಕಡೀತಾರಲ್ಲ ಅಂತ ಅಪ್ಪ ಈ ಚೀಲ ಮಾಡಿದ್ರು, ತಾವು ಯಾವಾಗಲೂ ಒಂದು ಚೀಲ ಮಡಚಿ ಕಿಸೇದಾಗ ಇಟಗೊಂಡ ಅಡ್ಡಾಡತಿದ್ರು, ಮಂದಿ ಒಮ್ಮೆ ಬಳಸಿ ಒಗೀತಾರ ಅಂತ ಅವರ ಮನಸಿನ್ಯಾಗನ ಇದ್ದಿಲ್ಲ ಅಂತ. ನೋಡ್ರಿ, ಅವತ್ತಿನ ಪರಿಸರಸ್ನೇಹಿ ಚೀಲ ಇದ!

ಆಮ್ಯಾಲೇನಾತು ಗೊತ್ತದ. ಬಾಂಗ್ಲಾದೇಶದಾಗ 1988, 1998ರ ದೊಡ್ಡ ಪ್ರವಾಹದಾಗ ಚೀಲ ಸಿಕ್ಕು ಗಟಾರ ಕಟಗೊಂಡವು. 2002ರಾಗ ತೆಳ್ಳನ ಪ್ಲಾಸ್ಟಿಕ್ ಚೀಲ ಬಂದ್ ಮಾಡಿದ ಮೊದಲನೇ ದೇಶ ಅದ ಆತು. ಅದ ವರ್ಷ ಐರ್ಲಂಡಿನವರು ಬಂದ್ ಮಾಡಲಿಲ್ಲ, ಒಂದೊಂದು ಚೀಲಕ್ಕ 15 ಸೆಂಟ್ ಸುಂಕ ಹಾಕಿದ್ರು. ಚೀಲ ಬಳಸೂದು ನೂರಕ್ಕ ತೊಂಬತ್ತಕ್ಕಿಂತ ಹೆಚ್ಚು ಇಳೀತು. ನಮ್ಮ ದೇಶದಾಗ ಸಿಕ್ಕಿಂನವರು 1998ರಾಗನ ಮುಂದ ಬಂದಿದ್ರು.

ಈಗ ಎಲ್ಲಾ ಅಂಗಡಿಯೊಳಗ ಹತ್ತಿ ಚೀಲ ಕೊಡ್ತಾರ, ಮ್ಯಾಲೆ ಹಸರ ಬಣ್ಣದಾಗ ಗಿಡದ ಚಿತ್ರ. ಮನಿಗೆ ಬಂದು ಕಪಾಟ ತಗದ್ರ ಹತ್ತು ಚೀಲ ಉದುರತಾವ. ಬ್ರಿಟನ್ನಿನ ಪರಿಸರ ಇಲಾಖೆಯವರು 2011ರಾಗ ಲೆಕ್ಕಾ ಹಾಕಿ ಹೇಳಿದ್ರು, ಹೊಸಾ ಹತ್ತಿ ಚೀಲ ಮಾಡಲಿಕ್ಕೆ ಆಗೂ ಹವಾಮಾನದ ಲುಕ್ಸಾನು ತುಂಬಬೇಕಂದ್ರ ಅದನ್ನ 131 ಸಲ ಬಳಸಬೇಕು, ಆಗ ಒಮ್ಮೆ ಬಳಸಿ ಒಗಿಯೂ ಪ್ಲಾಸ್ಟಿಕ್ ಚೀಲಕ್ಕ ಸಮ ಆಗ್ತದ ಅಂತ. ಹತ್ತಿ ಬೆಳೀಲಿಕ್ಕೆ ನೀರು, ಗೊಬ್ಬರ, ಔಷಧ ಎಲ್ಲಾ ಬೇಕಲ್ಲ. ಹಂಗಾಗಿ ಹೊಸಾ ಚೀಲ ಕೊಂಡು ಪರಿಸರ ಉಳಸೂದಕ್ಕಿಂತ, ಹಳೇ ಸೀರಿ ಸೆರಗಿಂದ ಹೊಲದ ಪಿಶವಿ ಛಲೋ. ಅದರ ಹತ್ತಿ ಯಾವಾಗೋ ಬೆಳದಾಗ್ಯದ. ಕೌದಿ ಹೊಲಿಯೂ ನಮ್ಮ ಕಡೆ ಹೆಣ್ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ತಿಂಗಳ ಅರಿವಿ

ಇದನ್ನ ಬರಿಯೂದೋ ಬ್ಯಾಡೋ ಅಂತ ವಿಚಾರ ಮಾಡಿ, ಓದೋವ್ರು ನಾವ ನಾವ ಅಂತ ಬರದೇನಿ.

ಮೊದಲನೇ ಮಹಾಯುದ್ಧದಾಗ ಗಾಯಕ್ಕ ಕಟ್ಟಲಿಕ್ಕೆ ಅಮೆರಿಕಾದ ಕಂಪನಿಯೊಂದು ಕಟಿಗಿ ತಿರುಳಿಂದ ಹತ್ತಿಯಂಥಾ ಪಟ್ಟಿ ಮಾಡಿತ್ತು. ದವಾಖಾನಿಯ ನರ್ಸ್ ಹೆಣ್ಮಕ್ಕಳು ಅದನ್ನ ತಮ್ಮ ಮುಟ್ಟಿಗೂ ಬಳಸಲಿಕ್ಕೆ ಚಾಲೂ ಮಾಡಿದ್ರು. ಯುದ್ಧ ಮುಗದು ಪಟ್ಟಿ ಉಳದಾಗ, 1920ರ ಸುಮಾರಿಗೆ ಅದು ಅಂಗಡಿಗೆ ಬಂತು. ಕೂಸಿನ ಲಂಗೋಟಿ ಕಥೀನೂ ಹಂಗ. ಮೇರಿಯನ್ ಡೊನೊವನ್ ಅನ್ನೂ ತಾಯಿ ಒದ್ದಿ ಅರಿವಿ ಒಗದು ಒಗದು ಸಾಕಾಗಿ, ಬಚ್ಚಲದ ಪರದೆ ಕತ್ತರಿಸಿ ನೀರು ಸೋರದ ಹೊದಿಕಿ ಹೊಲದ್ಲು, 1951ರಾಗ ಅದಕ್ಕ ಪೇಟೆಂಟ್ ತಗೊಂಡ್ಲು. ಕಾಗದದ ಲಂಗೋಟಿ ಮಾಡೂಣು ಅಂತ ಕಂಪನಿಗಳಿಗೆ ಹೋದಾಗ ಅಲ್ಲಿಯ ಗಂಡಸರಿಗೆ ಅದರ ಗರಜು ಕಾಣಸಲಿಲ್ಲ. ಹತ್ತು ವರ್ಷಕ್ಕ, 1961ರಾಗ, ಪ್ಯಾಂಪರ್ಸ್ ಬಂತು.

ನಮ್ಮ ಕಡೆ ಹಳೇ ಸೀರಿ ಅರಿವಿ. ಅರಿವಿಯೊಳಗ ಕೆಟ್ಟದ್ದೇನಿಲ್ಲ. ಕೆಟ್ಟದ್ದು ಅದನ್ನ ಮುಚ್ಚಿಡೂ ಪದ್ಧತಿ. ಸಾಬೂನು ಹಚ್ಚಿ ಒಗದು ಬಿಸಲಿಗೆ ಹಾಕಿದ ಅರಿವಿ ಸ್ವಚ್ಛ. ಆದ್ರ ಗಂಡಸರ ಕಣ್ಣಿಗೆ ಬೀಳಬಾರದು ಅಂತ ಕಟಿಗಿ ಸಂದಿಯೊಳಗ, ಕತ್ತಲಿ ಮೂಲ್ಯಾಗ, ಬ್ಯಾರೆ ಅರಿವಿ ಕೆಳಗ ಒಣಗಿಸಬೇಕು. ಮಳಿಗಾಲದಾಗ ಅರ್ಧಾ ಒಣಗಿದ್ದನ್ನ ಇಟಗೋಬೇಕು. ತುರಿಕಿ, ಗಾಯ ಆದ್ರ ಯಾರ ಮುಂದೂ ಅನ್ನೂ ಹಂಗಿಲ್ಲ. ಅಂಗಡಿ ಪ್ಯಾಡು ಬಂದಾಗ ಹುಡುಗ್ಯಾರು ಸಾಲಿಗೆ ಅಂಜೀಕಿಲ್ಲದ ಹೋಗಲಿಕ್ಕೆ ಹತ್ತಿದ್ರು. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 24 ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ 64 ಮಂದಿ ಪ್ಯಾಡು ಬಳಸ್ತಾರ, ನೂರಕ್ಕ 50 ಮಂದಿ ಅರಿವಿ ಬಳಸ್ತಾರ. ಎರಡೂ ಬಳಸೋವ್ರು ಇದ್ದಾರ.

ಆದ್ರ ಪ್ಯಾಡು ಚೆಲ್ಲಿದ ಮ್ಯಾಲೆ ಆ ಕೆಲಸ ಮುಗೀತೇನು? ಅದರ ಮ್ಯಾಲಿನ ಪದರಾನೂ ಪ್ಲಾಸ್ಟಿಕ್, ಕೆಳಗಿನ ಪದರಾನೂ ಪ್ಲಾಸ್ಟಿಕ್. ಸರಿಯಾಗಿ ಸುತ್ತಿ ಒಣ ಕಸದ ಡಬ್ಬಿಗೆ ಹಾಕಬೇಕಂತ 2016ರ ಘನತ್ಯಾಜ್ಯ ನಿಯಮದಾಗ ಬರದಿತ್ತು. ನಾವು ಕಾಯಿಪಲ್ಯ ಸಿಪ್ಪಿ ಜೋಡಿ ಕಟ್ಟಿ ಟಿಪ್ಪರ್ ಗಾಡಿಗೆ ಹಾಕಿದ್ರ, ಅದನ್ನ ಬ್ಯಾರೆ ಮಾಡೋವ್ರು ಯಾರು? ಪೌರಕಾರ್ಮಿಕ ಹೆಣ್ಮಗಳು, ಎಷ್ಟೋ ಸಲ ಬರಿಗೈಲೆ. ನಾನು ನನ್ನ ಕೈಯಾರೆ ಒಗಿಯೂದು ಬಿಟ್ಟದ್ದನ್ನ ಇನ್ನೊಬ್ಬಾಕಿ ತನ್ನ ಕೈಯಾರೆ ಆರಸ್ತಾಳ. 40 ತಾಸು ಎಲ್ಲೂ ಹೋಗಲಿಲ್ಲ. ಆಕಿ ಪಾಲಿಗೆ ಹೋತು.

ಯಾವುದು ನಿಂತ್ಕೋತು, ಯಾವುದು ನಿಲ್ಲಲಿಲ್ಲ

ಕರ್ನಾಟಕ ಸರ್ಕಾರ 2016ರ ಮಾರ್ಚಿನಾಗ ಪ್ಲಾಸ್ಟಿಕ್ ಕೈಚೀಲ, ತಾಟು, ಕಪ್ಪು, ಚಮಚ, ಥರ್ಮೋಕೋಲ್ ಎಲ್ಲಾ ಬಂದ್ ಮಾಡ್ತು. ಕೇಂದ್ರದವರು 2022ರ ಜುಲೈ 1ರಿಂದ ಇಡೀ ದೇಶಕ್ಕ ಒಮ್ಮೆ ಬಳಸೂ ಪ್ಲಾಸ್ಟಿಕ್ ತಾಟು, ಕಪ್ಪು, ಗ್ಲಾಸು, ಚಮಚ, ಸ್ಟ್ರಾ, ಸಿಹಿ ತಿನಿಸಿನ ಡಬ್ಬಿಗೆ ಸುತ್ತೂ ಹಾಳಿ ಎಲ್ಲಾ ಬಂದ್ ಮಾಡಿದ್ರು. ಆದ್ರ ಪ್ಲಾಸ್ಟಿಕ್ ಪದರದ ಪೇಪರ್ ಕಪ್ಪು ಚಾದಂಗಡ್ಯಾಗ ಹಂಗ ನಡದದ. ಕಾಯ್ದೆ ಬಂದ್ರ ಸಾಮಾನು ಬದಲಾಗ್ತದ, ಅಷ್ಟಕ್ಕ ರೂಢಿ ಬದಲಾಗೂದಿಲ್ಲ.

ಮಣ್ಣಿನ ಕುಲ್ಹಡದ ಕಥಿ ನೋಡ್ರಿ. 2004ರಾಗ ರೈಲ್ವೆ ಮಂತ್ರಿ ಆಗಿದ್ದ ಲಾಲೂ ಪ್ರಸಾದ ಯಾದವರು, ಸ್ಟೇಶನ್ನಿನ್ಯಾಗ ಚಾ ಕುಲ್ಹಡದಾಗನ ಕೊಡಬೇಕು ಅಂದ್ರು. ಕುಂಬಾರರಿಗೆ ಕೆಲಸ, ಪ್ಲಾಸ್ಟಿಕ್ಕಿಗೆ ರಜಾ, ಮಾತು ಛಂದ ಇತ್ತು. ಆದ್ರ ಕುಲ್ಹಡ ಭಾರ, ಒಡೀತದ, ಪೇಪರ್ ಕಪ್ಪಿಗಿಂತ ತುಟ್ಟಿ. ದಿನಾ ಲಕ್ಷಗಟ್ಟಲೆ ಚಾಕ್ಕ ಒಂದೊಂದನ್ನ ಕೈಲೆ ಮಾಡಿ ಸುಡಬೇಕು. ಸುಟ್ಟ ಮಣ್ಣು ಮತ್ತ ಹೊಲದ ಮಣ್ಣಾಗೂದಿಲ್ಲ. ಸ್ವಲ್ಪ ದಿವಸದಾಗ ಅದು ಎಲ್ಲಾ ಕಡೆ ಹಿಂದ ಬಿತ್ತು.

ನಿಂತದ್ದು ಯಾವುದು? ದಿಲ್ಲಿಯೊಳಗ 1974ರಾಗ ಮದರ್ ಡೇರಿ ಅಂತ ಚಾಲೂ ಆತು. ಬೂತಿನ್ಯಾಗ ಹಾಲಿನ ಯಂತ್ರ, ಮನಿಯಿಂದ ಚರಿಗಿ ಒಯ್ಯೂದು, ಟೋಕನ್ ಹಾಕಿದ್ರ ಅಳತಿ ಹಾಲು ಬೀಳೂದು. ಪಾಕೀಟಿಲ್ಲ. ಅದು ಇನ್ನೂ ನಡದದ. ಯಾಕ ನಡೀತು ಅಂದ್ರ ಹೆಚ್ಚಿನ ಕೆಲಸ ಯಂತ್ರದ್ದು, ಮನಿಯಾಕಿಗೆ ಒಂದ ಚರಿಗಿ ತೊಳಿಯೂದು ಅಷ್ಟ. ಆ ಚರಿಗಿ ತಗೊಂಡ ಹೋಗೂ ಕೆಲಸಾನೂ ಗಂಡಸರು, ಹುಡುಗರು ಮಾಡ್ತಾರ.

ಇನ್ನೊಂದು ಗುರುದ್ವಾರದ ಲಂಗರು. ಅಮೃತಸರದ ಸ್ವರ್ಣಮಂದಿರದಾಗ ದಿನಾ ಹತ್ತಾರು ಸಾವಿರ ಮಂದಿ ಉಣ್ಣತಾರ, ಎಲ್ಲಾ ಸ್ಟೀಲಿನ ತಾಟಿನ್ಯಾಗ. ನಮ್ಮ ಬೀದರದ ನಾನಕ ಝೀರಾದಾಗೂ ಲಂಗರು ಅದ, ನೋಡಬೇಕಾದವರು ಅಲ್ಲಿಗೆ ಹೋಗಿ ನೋಡಬಹುದು. ಗಂಡಸರು, ಹೆಂಗಸರು, ಉಳ್ಳವರು, ಇಲ್ಲದವರು ಎಲ್ಲಾರೂ ಸಾಲಾಗಿ ನಿಂತು ಮುಸರಿ ತಿಕ್ಕತಾರ. ಅಲ್ಲಿ ತಾಟು ತೊಳಿಯೂದು ಸೇವಾ, ಪುಣ್ಯದ ಕೆಲಸ. ತೊಳಿಯೂದನ್ನ ಎಲ್ಲಾರದ್ದೂ ಮಾಡಿದ ಕಡೆ ಪೇಪರ್ ತಾಟಿನ ಗರಜ ಬೀಳೂದಿಲ್ಲ. ತೊಳಿಯೂದು ಕೀಳು ಅನ್ನೂ ಕಡೆ, ಯಾವ ಕಾಯ್ದೆ ತಂದ್ರೂ ಚೆಲ್ಲೂ ತಾಟು ಹಿತ್ತಲ ಬಾಗಲದಿಂದ ಮತ್ತ ಬರತದ.

ಮೂರನೇದು ಕೇರಳದ ಕುಂಬಳಂಗಿ ಅನ್ನೂ ಊರು. 2022ರ ಜನವರಿಯೊಳಗ ಅದನ್ನ ದೇಶದ ಮೊದಲನೇ ಪ್ಯಾಡುಮುಕ್ತ ಪಂಚಾಯತಿ ಅಂತ ಘೋಷಣಾ ಮಾಡಿದ್ರು. ಬರೇ ಪ್ಯಾಡು ಬಿಡ್ರಿ ಅಂತ ಭಾಷಣ ಮಾಡಿ ಬಿಟ್ಟಿಲ್ಲ ಅವರು. ಹೆಣ್ಮಕ್ಕಳಿಗೆ ಮುಟ್ಟಿನ ಕಪ್ಪು ಪುಕ್ಕಟೆ ಹಂಚಿ, ಹೆಂಗ ಬಳಸೂದು ಅಂತ ಕೂತು ತಿಳಿಸಿ ಹೇಳಿದ್ರು. ಕಪ್ಪು ಕುದಿಸಿ ತೊಳದ್ರ ವರ್ಷಗಟ್ಟಲೆ ಬರತದ. ಒಣಗಿಸಲಿಕ್ಕೆ ಕತ್ತಲಿ ಮೂಲಿ ಬೇಕಾಗಿಲ್ಲ. ಈ ಕಪ್ಪೂ ಹೊಸಾದೇನಲ್ಲ, ಲಿಯೋನಾ ಚಾಲ್ಮರ್ಸ್ ಅನ್ನೂ ಅಮೆರಿಕಾದ ನಟಿ 1937ರಾಗನ ಅದಕ್ಕ ಪೇಟೆಂಟ್ ತಗೊಂಡಿದ್ಲು. ನಮ್ಮ ತನಕ ಬರಲಿಕ್ಕೆ ಎಂಬತ್ತು ವರ್ಷ ಹಿಡೀತು.

ಹಂಗಾದ್ರ ಆರಿಸೂದು ಹೆಂಗ?

ಇಷ್ಟು ಚರಿತ್ರಿ ಓದಿದ ಮ್ಯಾಲೆ ಅಂಗಡಿಯೊಳಗ "ಪರಿಸರಸ್ನೇಹಿ" ಅಂತ ಚೀಟಿ ಹಚ್ಚಿದ್ದನ್ನ ನೋಡಿದ್ರ ನಾನು ಎರಡು ಪ್ರಶ್ನೆ ಕೇಳಕೋತೇನಿ. ಇದು ಚೆಲ್ಲಿದ ಮ್ಯಾಲೆ ಎಲ್ಲಿ ಹೋಗ್ತದ? ಚೆಲ್ಲದಿದ್ರ ಇದನ್ನ ತೊಳಿಯೋವ್ರು ಯಾರು? ಎರಡಕ್ಕೂ ಉತ್ತರ ಸಿಕ್ಕರ ಮನಿಗೆ ತರತೇನಿ.

ಇಪ್ಪತ್ತು ಮೂವತ್ತು ಮಂದಿ ಕೂಡೂ ಅರಿಶಿಣ ಕುಂಕುಮ, ಭಜನಿ, ಹುಟ್ಟಹಬ್ಬಕ್ಕ ಸ್ಟೀಲಿನ ತಾಟ ಸಾಕು. ಒಬ್ಬೊಬ್ಬರ ಮನ್ಯಾಗ ಅಷ್ಟು ಇರೂದಿಲ್ಲ ಅನ್ನೂದು ಖರೆ. ಬೆಂಗಳೂರಾಗ ಅದಮ್ಯ ಚೇತನ ಅನ್ನೂ ಸಂಸ್ಥಾದವರು ಸ್ಟೀಲ್ ತಾಟು ವಾಟಗ ಇಟ್ಟು, ಸಮಾರಂಭಕ್ಕ ಬೇಕಾದವರಿಗೆ ಕೊಟ್ಟು ತಿರುಗಿ ತಗೋತಾರ, ಪ್ಲೇಟ್ ಬ್ಯಾಂಕ್ ಅಂತಾರ ಅದಕ್ಕ. ನಮ್ಮ ಓಣಿಗೆ ಅಷ್ಟು ದೊಡ್ಡದ್ಯಾಕ? ಐವತ್ತು ತಾಟು, ಐವತ್ತು ವಾಟಗ, ಐವತ್ತು ಚಮಚ ಎಲ್ಲಾರೂ ಸೇರಿ ಕೊಂಡು ಒಬ್ಬರ ಅಟ್ಟದ ಮ್ಯಾಲಿಟ್ಟರ ಹತ್ತು ಹದಿನೈದು ವರ್ಷ ಬಾಳಿಕಿ ಬರತಾವ.

ತಾಟು ಕೊಳ್ಳೂ ದಿವಸನ ಒಂದು ಕರಾರೂ ಆಗಬೇಕು. ಉಂಡವರ ತಾಟು ಉಂಡವರ ತೊಳದು ಇಡಬೇಕು, ಗಂಡಸರು ಮಕ್ಕಳು ಎಲ್ಲಾರೂ. ನಮ್ಮನಿಗೆ ಮುಸರಿಗೆ ಬರೋಕಿಗೆ ಎರಡು ಮೊಣಕಾಲೂ ನೋವು. "ಇವತ್ತ ಸ್ವಲ್ಪ ಜಾಸ್ತಿ ಅವ ನೋಡವಾ" ಅಂತ ಐವತ್ತು ತಾಟು ಆಕಿ ಮುಂದ ಹಾಕಿ, ನಾವು ಪರಿಸರ ಉಳಿಸಿದ್ವಿ ಅಂತ ಫೋಟೋ ಹಾಕಿದ್ರ ಅದಕ್ಕ ಅರ್ಥ ಇಲ್ಲ. ಆಕಿಗೆ ತಿಕ್ಕಲಿಕ್ಕೆ ಹೇಳೂದಾದ್ರ ಆ ದಿನದ ರೊಕ್ಕ ಬ್ಯಾರೆ ಕೊಡಬೇಕು, ಮೊದಲ ಮಾತಾಡಿ ಹೇಳಬೇಕು, ಆಕಿ ಒಲ್ಲೆ ಅಂದ್ರ ಸುಮ್ಮನಾಗಬೇಕು.

ನೂರು ಇನ್ನೂರು ಮಂದಿಯ ಕಾರ್ಯಕ್ಕ ಎಲೀನ ಛಲೋ. ಶಿರಸಿ ಕಡೆಯಿಂದ ಬರೂ ಅಡಕಿ ಹಾಳಿ ತಾಟಿಗೆ ಗಿಡ ಕಡೀಬೇಕಾಗಿಲ್ಲ, ತಾನ ಉದುರಿದ ಹಾಳಿ ತೊಳದು ಕಾಸಿದ ಅಚ್ಚಿನ್ಯಾಗ ಒತ್ತಿ ಮಾಡ್ತಾರ. ಸಾರು, ಪಾಯಸಾ ಹಾಕಿದ್ರೂ ಸೋರೂದಿಲ್ಲ. ಮುತ್ತಲ ಪತ್ರಾವಳಿ ಅದಕ್ಕಿಂತ ಸೋವಿ. ಆದ್ರ ಕೊಳ್ಳೂ ಮುಂದ ಒಂದು ತಾಟು ಹರದು ನೋಡ್ರಿ. ಈಗ ಯಂತ್ರದಾಗ ಒತ್ತೂ ಕೆಲವು ಪತ್ರಾವಳಿ ಹಿಂದ ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ, ಹರದ್ರ ತೆಳ್ಳನ ಪೊರಿಯಂಗ ಜಗ್ಗತದ. ಅಂಥಾದ್ದು ತಿಪ್ಪಿಗೂ ಬ್ಯಾಡ, ದನಕ್ಕೂ ಬ್ಯಾಡ. ಕಡ್ಡಿ ಚುಚ್ಚಿ ಹಚ್ಚಿದ ಎಲಿ ದನಕ್ಕ ಹಾಕೂದಿದ್ರೂ ಕಡ್ಡಿ ತಗದು ಹಾಕ್ರಿ.

ಇನ್ನ ತಿಂಗಳ ವಿಷಯದಾಗ ಮಗಳಿಗೆ, ಸೊಸಿಗೆ "ನಮ್ಮ ಕಾಲದಾಗ ಅರಿವಿ ಇತ್ತು, ನೀವೂ ಅದ ಬಳಸ್ರಿ" ಅಂತ ಯಾರೂ ಹೇಳಬ್ಯಾಡ್ರಿ. ಕಪ್ಪು, ಅರಿವಿ, ಪ್ಯಾಡು ಮೂರೂ ತೋರಿಸ್ರಿ, ಆಕಿ ಆರಿಸಲಿ. ಅರಿವಿ ಅಂದ್ರ ಬಿಸಲು ಬೀಳೂ ಹಗ್ಗ ಆಕಿಗೆ ಬೇಕು, ಅಂಗಳದಾಗ, ಎಲ್ಲಾರ ಕಣ್ಣ ಮುಂದ. ಅಷ್ಟು ಧೈರ್ಯ ನಮ್ಮ ಮನಿಗೆ ಇಲ್ಲಂದ್ರ ಅರಿವಿ ಮಾತು ತಗೀಬಾರದು. ಪ್ಯಾಡು ಬಳಸೋವ್ರು ಹಳೇ ಪೇಪರಿನ್ಯಾಗ ಸುತ್ತಿ, ಮ್ಯಾಲೆ ಕೆಂಪು ಪೆನ್ನಿಲೆ ಒಂದು ಗುರ್ತು ಹಾಕಿ ಬ್ಯಾರೆ ಕೊಟ್ಟರ, ಟಿಪ್ಪರ್ ಗಾಡಿಯಾಕಿ ಕೈಗೆ ಅಷ್ಟರ ಮಟ್ಟಿಗೆ ಸುಲಭ ಆಗ್ತದ.

ಓಣಿಯ ತಾಟಿನ ವಿಚಾರಕ್ಕ ಯಾರ ಒಪ್ಪಿಗಿ ಅದ ಅವರು ಬರೂ ಐತವಾರದೊಳಗ ನನಗ ತಿಳಸ್ರಿ. ಸಾಮಾನಿನ ಅಂಗಡ್ಯಾಗ ಅಂಚು ಎತ್ತರ ಇರೂ ತಾಟ ಕೇಳಬೇಕು, ಸಾರು ಹೊರಗ ಹೋಗೂದಿಲ್ಲ. ವಾಟಗ ಒಂದರಾಗೊಂದು ಕೂಡೂವಂಥಾವ ಇರಲಿ, ಇಡಲಿಕ್ಕೆ ಜಾಗಾ ಕಡಿಮಿ ಹಿಡೀತದ. ಹೆಸರು ಹೊಡಸೂದಾದ್ರ ಯಾರ ಮನಿ ಹೆಸರೂ ಬ್ಯಾಡ, ಓಣಿ ಹೆಸರ ಹೊಡಸೂಣು.